ಕಯಾಕಿನ ಮಾನ

ನಡುಗಡ್ಡೆಯಲ್ಲಿದ್ದ ತಂಗಿಯ ಮನೆಗೆ ಹೊರಟ ಪಾಂಡು ಮೇಸ್ತ ಒಬ್ಬರೇ ಕೂತು ಹುಟ್ಟು ಹಾಕುವ ತನ್ನ ಪುಟ್ಟ ದೋಣಿ ಕಯಾಕನ್ನು ನೀರಿಗೆ ನೂಕಿ, ಲೈಫ್ ಜಾಕೆಟ್ಟನ್ನು ಕೈಗೆತ್ತಿಕೊಂಡ. ಕಯಾಕಿಗೆ ಅದು ಸರಿಬರಲಿಲ್ಲ.

"ಇಷ್ಟು ವರ್ಷ ನಿನ್ನನ್ನು ದಾಟಿಸಿದ್ದು ನಾನು. ಒಂದು ದಿನವಾದರೂ ಮುಳುಗಿದ್ದೇನೆಯೇ? ಇವತ್ತು ನೀನು ಅದನ್ನು ತೊಟ್ಟುಕೊಂಡರೆ, ನನ್ನ ಮೇಲೆ ನಂಬಿಕೆಯಿಲ್ಲವೆಂದು ಊರಿಗೆಲ್ಲ ಸಾರಿದಂತೆ," ಎಂದಿತು.

"ನಿನ್ನನ್ನು ನಂಬದೆ ಇನ್ಯಾರನ್ನು ನಂಬಲಿ ಮಾರಾಯ? ಈ ಸೆಖೆಗೆ ಇದು ತೊಡುವಂಥದ್ದೂ ಅಲ್ಲ," ಎಂದ ಪಾಂಡು, ಜಾಕೆಟ್ಟನ್ನು ಮಡಚಿ ಅದರ ಮೇಲೆಯೇ ಕುಳಿತ.

"ನನ್ನ ಜಾಗ ಎದೆಯ ಮೇಲೆ," ಎಂದಿತು ಜಾಕೆಟ್ಟು ಅಡಿಯಿಂದ.

"ಮೆತ್ತಗಿದ್ದೀಯ, ಅಷ್ಟು ಸಾಕು," ಎಂದಿತು ಕಯಾಕು.

ನಡುಗಡ್ಡೆಯ ಬಂಡೆಗಳು ಕಾಣತೊಡಗಿದಾಗ ಗಾಳಿ ತಿರುಗಿತು. ಅಡ್ಡ ಬಂದ ತೆರೆಯೊಂದು ಕಯಾಕನ್ನು ಮಗುಚಿ ಹಾಕಿತು. ಪಾಂಡು ಅದರತ್ತ ಕೈ ಚಾಚಿದ. ಆದರೆ ಆಳಿಲ್ಲದೆ ಹಗುರಾದ ಕಯಾಕನ್ನು ಗಾಳಿ ಅವನ ಈಜಿಗಿಂತ ಬೇಗ ಒಯ್ದಿತು.

ಸಂಜೆ ಅದು ನಡುಗಡ್ಡೆಯ ಮರಳಿಗೆ ಬೋರಲಾಗಿ ಬಂದು ಬಿತ್ತು. ಅದರ ಹಿಂದೆಯೇ ಜಾಕೆಟ್ಟೂ ಬಂತು. ದಾರಿ ಕಾಯುತ್ತಿದ್ದ ತಂಗಿ ಓಡಿ ಬಂದು ಕಯಾಕನ್ನು ಎತ್ತಿ ಅಡಿ ನೋಡಿದಳು. ಆಮೇಲೆ ಅಣ್ಣನನ್ನು ಕೂಗುತ್ತ ದಡದುದ್ದಕ್ಕೂ ಓಡಿದಳು.

"ನೋಡಿದೆಯಾ, ಅಂಥ ತೆರೆಗೂ ನಾನು ಮುಳುಗಲಿಲ್ಲ," ಎಂದಿತು ಕಯಾಕು.

"ನಿಜ," ಎಂದಿತು ಜಾಕೆಟ್ಟು. "ಮುಳುಗದವರಿಬ್ಬರೂ ಬಂದು ತಲುಪಿದ್ದೇವೆ."