ಗಂಟಲ ಗಂಟು

ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರ ವಿಭಾಗಕ್ಕೆ ಉಮಾಪತಯ್ಯನವರು ಮುಖ್ಯಸ್ಥರು. ಅವರು ಭಾಷಣಕ್ಕೆ ನಿಂತರೆ ಮೈಕಿಗೂ ಆಕಳಿಕೆ ಬರಬೇಕು.

ವಿಭಾಗದ ವಾರ್ಷಿಕೋತ್ಸವ. ಹೋಳಿಗೆ ಊಟ ಆದ ಕೂಡಲೇ ಅವರ ಭಾಷಣ. ಅತಿಥಿ ಉಪನ್ಯಾಸಕಿ ಮಂದಾಕಿನಿಯನ್ನು ಕರೆದರು.

"ನೋಡಮ್ಮಾ, ನಿನ್ನ ಹುಡುಗರಲ್ಲಿ ಒಬ್ಬ ತೂಕಡಿಸಿದರೂ ಮುಂದಿನ ವರ್ಷ ನೀನು ಇಲ್ಲಿಗೆ ಬರೋದು ಬೇಡ."

"ಆಗಲಿ ಸರ್" ಎಂದವಳೇ ಹೋಗಿ ಹುಡುಗರಿಗೆ ಮೆಲ್ಲಗೆ ಏನೋ ಹೇಳಿದಳು.

ಭಾಷಣ ಶುರುವಾಯಿತು. ಹುಡುಗರೆಲ್ಲ ಎವೆಯಿಕ್ಕದೆ ಅವರನ್ನೇ ನೋಡುತ್ತಿದ್ದರು! ಉಮಾಪತಯ್ಯನವರು ಉಬ್ಬಿಹೋದರು. ನಡುವೆ ಒಂದು ಗುಟುಕು ನೀರು ಕುಡಿದಾಗಲಂತೂ ಹಿಂದಿನ ಸಾಲಿನವರು ಎದ್ದೇ ನಿಂತರು.

ಕೊನೆಗೆ ಕುತೂಹಲ ತಡೆಯಲಾರದೆ ಮೈಕಿನಲ್ಲೇ ಕೇಳಿದರು: "ಮಂದಾಕಿನೀ, ಇವರಿಗೆ ಏನು ಹೇಳಿದ್ದೆಯಮ್ಮಾ?"

"ಪ್ರಾಕ್ಟಿಕಲ್ ಕೊಟ್ಟಿದ್ದೆ ಸರ್. ನುಂಗುವಾಗ ಗಂಟಲ ಮುಂದಿನ ಗಂಟು ಮೇಲಕ್ಕೇರುತ್ತೆ ಅಂತ ಪಾಠದಲ್ಲಿದೆ. ನಿಜವಾಗಿ ಏರುತ್ತಾ ಅಂತ ನಿಮ್ಮನ್ನು ನೋಡಿ ತಿಳ್ಕೊಳ್ಳಿ ಅಂದೆ."

ಉಮಾಪತಯ್ಯನವರು ಬಾಯಿ ತೆರೆದರು. ಗಟಕ್ಕನೆ ಉಗುಳು ನುಂಗಿದರು.

ಹುಡುಗರೆಲ್ಲ ಒಟ್ಟಿಗೆ ಕೂಗಿದರು: "ಏರ್ತು ಮೇಡಂ, ಏರ್ತು!"