ಎರಡನೇ ಗಿಟಾರು

ದಾವಣಗೆರೆಯ ವಾದ್ಯದಂಗಡಿಗೆ ಆರ್ಕೆಸ್ಟ್ರಾ ಯಜಮಾನ ರುದ್ರಸ್ವಾಮಿ ಬಂದ. ಸೂಜಿ ಬಿದ್ದ ಸದ್ದು ಕೇಳಿದ್ರೆ ಸೂಜಿಯ ಕಂಪನಿ ಹೇಳ್ತೀನಿ ಅಂತ ಕೊಚ್ಚಿಕೊಳ್ಳೋ ಆಸಾಮಿ. ಎರಡು ಕಂಪನಿಯ ಎಲೆಕ್ಟ್ರಿಕ್ ಗಿಟಾರುಗಳನ್ನು ತೋರಿಸಿ, “ಯಾವುದು ಒಳ್ಳೇದೋ?” ಅಂದ.

“ಎರಡೂ ಒಂದೇ ಸ್ವಾಮಿ,” ಅಂದ ಗುಮಾಸ್ತ.

“ಕಿವುಡ! ಎರಡನ್ನೂ ಬಾರಿಸು. ಕಣ್ಣು ಮುಚ್ಚಿ ವ್ಯತ್ಯಾಸ ಹೇಳ್ತೀನಿ. ಆಮೇಲೆ ನಿನ್ನ ಕೆಲಸ ತೆಗೆಸ್ತೀನಿ.”

ಕಣ್ಣು ಮುಚ್ಚಿದ. ಗುಮಾಸ್ತ ಬಾರಿಸಿದ, ಸುಮ್ಮನೆ ಕೆಮ್ಮಿದ, ಮತ್ತೆ ಬಾರಿಸಿದ.

“ಥೂ, ಮೊದಲನೇದು ತಗಡಿನ ಡಬ್ಬ! ಎರಡನೇದು ಜೇನುತುಪ್ಪ ಕಣೋ!”

“ಸ್ವಾಮಿ, ಎರಡು ಸಲವೂ ಬಾರಿಸಿದ್ದು ಇದೊಂದನ್ನೇ. ಇನ್ನೊಂದು ಗೋಡೆಯಿಂದ ಇಳಿದೇ ಇಲ್ಲ.”

ಅಂಗಡಿಯಲ್ಲಿದ್ದೋರೆಲ್ಲ ಕಿಸಕ್ಕಂದ್ರು. ರುದ್ರಸ್ವಾಮಿಯ ಮುಖ ಸುಟ್ಟ ಬದನೆಕಾಯಿ ಆಯ್ತು. ಆದ್ರೂ ಸೋಲೊಪ್ಪೋ ಜೀವವೇ ಅದು?

“ಇರಲಿ, ಆ ಎರಡನೇದನ್ನೇ ಕಟ್ಟಿಕೊಡು. ಅಪ್ಪಿತಪ್ಪಿ ಮೊದಲನೇದನ್ನ ಕೊಟ್ಟೀಯಾ, ಹುಷಾರ್!”