ಪುಟ್ಟೀರಮ್ಮ ಕಳಕೊಂಡ ಹೂಂ

ಕಾಲು ಒಳಗೆ ಎಳ್ಕೊ, ಕಂಬಳಿ ಸರಿಯಾಗಿ ಹೊದ್ಕೊ. ನಾನು ಹೇಳ್ತಾ ಇದ್ರೆ ನೀನು ಹೂಂ ಅಂತಿರಬೇಕು, ಆಯ್ತಾ ಚಿನ್ನಿ? ಗೋಡೆಗೆ ಕತೆ ಹೇಳೋಕೆ ನಂಗೇನು ಹುಚ್ಚೇ?

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಪುಟ್ಟೀರಮ್ಮ ಅಂತ ಕತೆ ಹೇಳೋಳು ಒಬ್ಬಳು ಇದ್ಳಂತೆ. ಅವಳಿಗೆ ಹೊಲ ಇಲ್ಲ, ಮನೆ ಇಲ್ಲ, ಬಾಯಿ ಒಂದಿತ್ತು. ಊರಿಂದೂರಿಗೆ ಹೋಗೋದು, ಯಾರದಾದ್ರೂ ಜಗಲಿ ಮೇಲೆ ಕೂತು ಕತೆ ಹೇಳೋದು, ಅವರು ಮೊರದಲ್ಲಿ ರಾಗಿನೋ ಅವರೆಕಾಳೋ ತಂದು ಸುರಿದ್ರೆ ಸೆರಗಲ್ಲಿ ಕಟ್ಕೊಂಡು ಮುಂದಿನ ಊರಿಗೆ ಹೊರಡೋದು. ಜೊತೆಗೆ ಅವಳ ಗಂಡ ಬೆಟ್ಟಯ್ಯ. ಅವನೇನು ಮಾಡ್ತಿದ್ದ ಅಂತೀಯಾ? ಹೂಂ ಅಂತಿದ್ದ. ಅಷ್ಟೇ ಅವನ ಕೆಲಸ. ನಗಬೇಡ, ಆಗೆಲ್ಲ ಹೂಂ ಅನ್ನೋರಿಲ್ದೆ ಕತೆ ಹೇಳೋ ಹಾಗೇ ಇರ್ಲಿಲ್ವಂತೆ. ಕತೆ ಹೇಳೋರು ಜನಗಳ ಕಡೆ ಮುಖ ಮಾಡಿ ಕೂರ್ಬೇಕು, ಹೂಂ ಅನ್ನೋರು ಅವರ ಬೆನ್ನ ಹಿಂದೆ ಎಡಭುಜದ ಹತ್ರ ಕೂರ್ಬೇಕು. ಒಂದು ಮಾತು ಹೇಳಿ ನಿಲ್ಲೋದು, ಹಿಂದಿನಿಂದ ಹೂಂ ಬರೋದು, ಆಮೇಲೆ ಮುಂದಿನ ಮಾತು. ಹೂಂ ಬರದಿದ್ರೆ ಕತೆ ಅಲ್ಲಿಗೇ ನಿಂತುಬಿಡ್ಬೇಕು. ಅದು ಕತೆಗಾರರ ಕಟ್ಟಳೆ.

ಹಿಂಗೇ ಹನ್ನೆರಡು ವರ್ಷ ನಡೀತಂತೆ. ಒಂದು ಸಲ ಒಬ್ಬ ಗೌಡರ ಮನೇಲಿ ತೊಟ್ಟಿಲ ಶಾಸ್ತ್ರ, ಅಂಗಳದ ತುಂಬ ಜನ. ಪುಟ್ಟೀರಮ್ಮ ಗಿಣಿ ಕತೆ ತೆಗೆದ್ಳಂತೆ. ಸತ್ತುಹೋದ ತಾಯಿ ಗಿಣಿಯಾಗಿ ಹುಟ್ಟಿ, ಏಳು ಬೆಟ್ಟ ದಾಟಿ ಮಗಳ ಮನೆ ಕಿಟಕೀಲಿ ಬಂದು ಕೂತ್ಕೊಂತಾಳೆ, ಮಗಳಿಗೆ ಗುರುತು ಸಿಗಲ್ಲ, ಅಕ್ಕಿ ತಿನ್ನೋಕೆ ಬಂದೈತೆ ಅಂತ ಪೊರಕೆ ಎತ್ಕೊಂಡು ಹುಶ್ ಹುಶ್ ಅಂತಾಳೆ. ಅಷ್ಟು ಹೇಳಿ ಪುಟ್ಟೀರಮ್ಮ ನಿಂತ್ಳಂತೆ. ಹೂಂ ಬರ್ಲಿಲ್ಲ. ಇನ್ನೊಂದು ಗಳಿಗೆ ನೋಡಿದ್ಳು. ಬರ್ಲಿಲ್ಲ. ತಿರುಗಿ ನೋಡಿದ್ರೆ ಬೆಟ್ಟಯ್ಯ ಮೊಣಕಾಲ ಸಂದೀಲಿ ತಲೆ ಇಟ್ಕೊಂಡು ಕೂತಿದ್ದ. ತುಂಬಿದ ಅಂಗಳದಲ್ಲಿ ಕತೆ ಮುರಿದುಬಿತ್ತಲ್ಲ, ಅವಳಿಗೆ ಮೈಯೆಲ್ಲ ಉರಿದುಹೋಯ್ತಂತೆ. ತಿನ್ನೋಕೆ ಎರಡು ಮುದ್ದೆ ಬೇಕು, ಒಂದು ಹೂಂ ಅನ್ನೋಕೆ ನಿದ್ದೆ ಬರ್ತದೆ ನಿಂಗೆ, ನೀನಿಲ್ದಿದ್ರೆ ನನ್ನ ಕತೆ ಇನ್ನೂ ಚೆಂದಾಗಿ ನಡೀತದೆ ಅಂತ ಎಲ್ಲರೆದುರಿಗೇ ಅಂದುಬಿಟ್ಳಂತೆ. ಜನ ನಕ್ರು. ಬೆಟ್ಟಯ್ಯ ಎದ್ದು ಜೋಳಿಗೆ ತಂದು ಅವಳ ಪಕ್ಕದಲ್ಲಿಟ್ಟ, ಆಚೆಗೆ ಹೋದ. ಹೊರಗೆ ಉಪ್ಪಿನ ಗಾಡಿಗಳು ಸಮುದ್ರದ ಕಡೆಗೆ ಹೊರಟಿದ್ವಂತೆ, ಕೊನೇ ಗಾಡಿ ಹತ್ತಿ ಕೂತುಬಿಟ್ಟ.

ಉಣ್ಣೋ ಹೊತ್ತಿಗೆ ಬಂದಾನು ಅಂತ ಅವನ ಪಾಲಿನ ಮುದ್ದೆ ಮೇಲೆ ತಟ್ಟೆ ಮುಚ್ಚಿಟ್ಳಂತೆ ಪುಟ್ಟೀರಮ್ಮ. ಬೆಳಿಗ್ಗೆ ತೆಗೆದು ನೋಡಿದ್ರೆ ಇರುವೆ. ಉಪ್ಪಿನ ಗಾಡಿ ಹತ್ತಿ ಹೋದ ಅಂತ ಯಾರೋ ಹೇಳಿದ್ರು, ಆದ್ರೂ ಇನ್ನೆರಡು ದಿನ ಅದೇ ಊರಲ್ಲಿ ಕಾದ್ಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸುಮ್ನೆ ಹೇಳ್ತಾರಾ?

ಆಮೇಲೆ ಒಬ್ಬಳೇ ನಡೆದ್ಳಂತೆ. ಆದ್ರೆ ಕತೆ ಹೇಳೋಕೆ ಕೂತ್ರೆ ಕತೆ ಬರ್ತಿರ್ಲಿಲ್ಲ. ಒಂದು ಮಾತು ಹೇಳಿ ಅಭ್ಯಾಸಕ್ಕೆ ನಿಲ್ಲೋಳು, ಹಿಂದಿನಿಂದ ಏನೂ ಇಲ್ಲ. ಎಡಭುಜ ತಣ್ಣಗಾಗೋದು. ಮುಂದಿನ ಮಾತು ಮರೆತುಹೋಗೋದು. ಹನ್ನೆರಡು ವರ್ಷ ಅವನ ಮುಖ ನೋಡ್ದೆ ಕತೆ ಹೇಳಿದೋಳಿಗೆ ಈಗ ಕಣ್ಣು ಮುಚ್ಚಿದ್ರೆ ಸಾಕು ಅವನ ಮುಖವೇ ಕಾಣೋದಂತೆ.

ಆ ಸೀಮೇಲಿ ವರ್ಷಕ್ಕೊಂದು ಸಲ, ಸುಗ್ಗಿ ಮುಗಿದ ಮೇಲೆ, ಒಂದು ಹುಣಸೆ ತೋಪಿನಲ್ಲಿ ಕತೆಗಾರರ ಕೂಟ ಸೇರ್ತಿತ್ತಂತೆ. ಅಲ್ಲಿ ಯಾರೂ ಕತೆ ಹೇಳೋ ಹಾಗಿಲ್ಲ, ಬುದ್ಧಿ ಹೇಳೋದು ಅಷ್ಟೇ. ಅಡುಗೆಮನೆ ಹೊಗೆ ಬರೋ ಕಡೆಗೇ ಕೂತ್ಕೊ, ಸಾರು ಯಾವಾಗ ಕುದೀತು ಅಂತ ಗೊತ್ತಾಗ್ತದೆ ಅನ್ನೋರು ಒಬ್ರು. ರಾಕ್ಷಸನಿಗೆ ಹೆಸರಿಡೋಕೆ ಮುಂಚೆ ಆ ಊರ ಪಟೇಲನ ಹೆಸರೇನು ಕೇಳ್ಕೊ ಅನ್ನೋರು ಇನ್ನೊಬ್ರು, ಪಾಪ ಅವರು ಒದೆ ತಿಂದಿದ್ರು. ಕೊಯ್ಲಿನ ಟೈಮಲ್ಲಿ ಗಿಡ್ಡ ಕತೆ, ಆಷಾಢದಲ್ಲಿ ಉದ್ದ ಕತೆ. ರಾಣಿ ಅಳೋವಾಗ ನೀನು ಅಳಬೇಡ, ನೀನು ಅತ್ರೆ ಕೇಳೋರು ಅಳಲ್ಲ. ಎಲ್ಲರ ಹತ್ರಾನೂ ಬುದ್ಧಿ ಇತ್ತಂತೆ, ಬುದ್ಧಿಗೇನು ಬರಗಾಲವೇ? ಪುಟ್ಟೀರಮ್ಮ ಅಲ್ಲಿಗೆ ಹೋಗಿ, ನನ್ನ ಹೂಂ ಹೊರಟುಹೋಯ್ತು ಕಣ್ರಪ್ಪಾ, ಹೂಂ ಇಲ್ದೆ ಕತೆ ಹೇಳೋದು ಹೆಂಗೆ ಅಂತ ಕೇಳಿದ್ಳಂತೆ.

ಅರಮನೇಲಿ ಕತೆ ಹೇಳಿ ಹೇಳಿ ಹೊಟ್ಟೆ ಬಂದಿದ್ದ ಸಂಜೀವಯ್ಯ ಅನ್ನೋನು, ಅಯ್ಯೋ ಅದೇನು ಮಹಾ, ನಿಂತ್ರೆ ತಾನೇ ಹೂಂ ಬೇಕು, ನಿಲ್ಲಲೇಬೇಡ ಅಂದ್ನಂತೆ. ಸರಿ ಅಂತ ಪುಟ್ಟೀರಮ್ಮ ಮುಂದಿನೂರಲ್ಲಿ ಹಂಗೇ ಮಾಡಿದ್ಳು. ರಾಜ ಹುಟ್ಟಿದ ಬೆಳೆದ ಕಾಡಿಗೆ ಹೋದ ಹುಲಿ ಕೊಂದ ಮದುವೆಯಾದ ಮಕ್ಕಳಾದ್ವು ಅಂತ ಒಂದೇ ಉಸಿರಿಗೆ ಹೇಳಿದ್ಳಂತೆ. ಒಲೆ ಮೇಲಿಟ್ಟ ಅನ್ನ ಬೇಯೋದ್ರೊಳಗೆ ಕತೆ ಆಗೋಯ್ತು. ಮನೆಯಾಕೆ ಕಕ್ಕಾಬಿಕ್ಕಿಯಾಗಿ, ಅಮ್ಮಾ, ಮದುವೆಯಾದದ್ದು ಹುಲಿಗೋ ರಾಜನಿಗೋ ಅಂತ ಕೇಳಿದ್ಳಂತೆ. ಅದೂ ಹೋಗ್ಲಿ. ಮಾತು ಓಡ್ತಿರೋವರೆಗೂ ಗಂಡನ ನೆನಪು ಹಿಂದೆ ಬೀಳ್ತಿತ್ತು. ಆದ್ರೆ ಎಷ್ಟು ಓಡಿದ್ರೂ ಕೊನೇಲಿ ನಿಲ್ಲಲೇಬೇಕಲ್ಲ, ನಿಂತಾಗ ಅದು ಬಂದು ಮೇಲೆ ಬೀಳ್ತಿತ್ತಂತೆ.

ಆಮೇಲೆ ಅದೇ ಕೂಟದ ಗೌರಕ್ಕ ಅಂತ ಇನ್ನೊಬ್ಬಳು, ಬಲೇ ವ್ಯವಹಾರಸ್ಥೆ, ಹೂಂ ಅನ್ನೋರಿಗೇನು ಕೊರತೆ ಕಣೇ, ಗಂಡನೇ ಆಗ್ಬೇಕಾ, ಬಂದ ಕಾಳಲ್ಲಿ ಎರಡು ಬೊಗಸೆ ಕೊಟ್ರೆ ಯಾರು ಬೇಕಾದ್ರೂ ಬರ್ತಾರೆ ಅಂತ ಹೇಳಿ, ತಾನೇ ಒಬ್ಬನ್ನ ಗೊತ್ತು ಮಾಡಿಕೊಟ್ಳಂತೆ. ಗುಡಿ ಗಂಟೆಯಂಥ ಗಂಟಲು ಅವನದು. ಎಲ್ಲಿ ಅನ್ಬೇಕೋ ಅಲ್ಲೇ ಹೂಂ ಅಂತಿದ್ದ, ಒಂದು ಸಲಾನೂ ತಪ್ಪಲಿಲ್ಲ. ಕತೆ ಗಡಗಡ ಅಂತ ಸಾಗಿತು. ಮೊರ ಮೊರ ಕಾಳು ಬಂತು. ಆದ್ರೆ ರಾಜ ಸತ್ರೂ ಅದೇ ಹೂಂ, ರಾಜನಿಗೆ ಮದುವೆಯಾದ್ರೂ ಅದೇ ಹೂಂ. ಒಂದಿನ ಉಣ್ಣೋಕೆ ಕೂತಾಗ ಅವನು, ಅಕ್ಕಾ, ಇವತ್ತು ಯಾವ ಕತೆ ಹೇಳಿದ್ರಿ ಅಂತ ಕೇಳಿದ್ನಂತೆ. ಪುಟ್ಟೀರಮ್ಮನ ಕೈ ತುತ್ತು ತಟ್ಟೇಲೇ ಉಳೀತು. ಬೆಟ್ಟಯ್ಯ ಗುಳ್ಳೆನರಿ ಬಂದ್ರೆ ನಕ್ಕೊಂಡು ಹೂಂ ಅಂತಿದ್ದ, ರಾಣಿ ಉಪವಾಸ ಇದ್ರೆ ಸಣ್ಣಗೆ ಹೂಂ ಅಂತಿದ್ದ, ಅದೆಲ್ಲ ಅವಳಿಗೆ ಆವಾಗ ಗೊತ್ತಾಯ್ತಂತೆ. ಕೈಗೆ ಸಿಕ್ಕಿದ್ದಾಗ ಗೊತ್ತಾಗಲ್ಲ ನೋಡು. ಆ ಗಂಟಲಿನೋನಿಗೆ ಸೆರಗಲ್ಲಿದ್ದ ಕಾಳೆಲ್ಲ ಸುರಿದು ಕೊಟ್ಟು ಕಳಿಸಿಬಿಟ್ಳು.

ಹೂಂ ಅನ್ನು. ಕೇಳ್ತಿದ್ದೀಯೋ ಇಲ್ವೋ? ಸರಿ.

ವರ್ಷ ತಿರುಗಿತು. ಮತ್ತೆ ಹುಣಸೆ ತೋಪಿಗೆ ಹೋದ್ಳು. ಅಲ್ಲಿ ಒಂದು ಮೂಲೇಲಿ ಸಾತಜ್ಜಿ ಅಂತ ಮುದುಕಿ, ಬೊಚ್ಚುಬಾಯಿ, ಯಾರಿಗೂ ಬುದ್ಧಿ ಹೇಳ್ದೆ ಕಡ್ಲೆ ಕುಟ್ಕೊಂಡು ಕೂತಿದ್ಳಂತೆ. ಪುಟ್ಟೀರಮ್ಮ ಅವಳ ಕಾಲ ಹತ್ರ ಕೂತು ಎಲ್ಲಾನೂ ಹೇಳ್ಕೊಂಡು ಅತ್ಳು. ಮುದುಕಿ ಕೇಳಿದ್ಳಂತೆ, ಹನ್ನೆರಡು ವರ್ಷ ಅವನು ನಿನ್ನ ಕತೆಗೆ ಹೂಂ ಅಂದ್ನಲ್ಲ ಮಗಳೇ, ಅವನು ಒಂದಿನ ನಿಂಗೇನಾದ್ರೂ ಹೇಳಿದ್ನಾ? ಪುಟ್ಟೀರಮ್ಮ ಯೋಚನೆ ಮಾಡಿದ್ಳು. ಹೇಳೋಕೆ ಶುರು ಮಾಡ್ತಿದ್ದ, ನಾನೇ ಮಧ್ಯಕ್ಕೆ ಬಾಯಿ ಹಾಕಿ ಸರಿಯಾಗಿ ಹೇಳಿ ಮುಗಿಸ್ಬಿಡ್ತಿದ್ದೆ ಅಂದ್ಳಂತೆ. ಮುದುಕಿ ಕಡ್ಲೆ ಕುಟ್ಟೋದು ನಿಲ್ಸಿ, ಹಂಗಾದ್ರೆ ನಿಂಗೆ ಅರ್ಧ ಕೆಲಸ ಮಾತ್ರ ಬರ್ತದೆ, ಉಳಿದರ್ಧ ಕಲಿ, ಉಪ್ಪಿನ ದಾರೀಲಿ ನನ್ನದೊಂದು ಅರವಟ್ಟಿಗೆ ಐತೆ, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡ್ತಾ ಅಲ್ಲಿ ಕೂತ್ಕೊ, ಅವರೇನು ಹೇಳಿದ್ರೂ ಹೂಂ ಅನ್ನು, ಉಳಿದರ್ಧ ಕಲಿಯೋವರೆಗೂ ಹೂಂ ಬಿಟ್ಟು ಇನ್ನೊಂದು ಮಾತು ಆಡಿದ್ರೆ ನನ್ನಾಣೆ ಅಂದ್ಳಂತೆ. ಉಪ್ಪಿನ ದಾರಿ ಅಂದದ್ದೇ ಪುಟ್ಟೀರಮ್ಮ ಜೋಳಿಗೆ ಎತ್ಕೊಂಡ್ಳು, ಬೆಟ್ಟಯ್ಯ ಹೋದದ್ದು ಅದೇ ದಾರಿ ಅಲ್ವಾ?

ಆಮೇಲೆ ಚಪ್ಪರದಡೀಲಿ ಮಡಕೆ ಸಾಲಿಟ್ಕೊಂಡು ಕೂತ್ಳಂತೆ. ನೀರು ಕುಡಿದೋರು ಕಲ್ಲಿನ ಮೇಲೆ ಒಂದು ಗಳಿಗೆ ಕೂತು ತಮ್ಮ ಕಷ್ಟಸುಖ ಹೇಳ್ಕೊಂಡು ಹೋಗೋರು. ಅವಳು ಹೂಂ ಅನ್ನೋಳು. ಮೊದಮೊದಲು ನಾಲಗೆ ಕೆರೀತಿತ್ತಂತೆ. ಎತ್ತು ಕುಂಟೋದನ್ನ ಮೊದಲೇ ಹೇಳ್ಬೇಕಿತ್ತು ಕಣಯ್ಯ, ಅತ್ತೆ ಜಗಳಾನ ಕೊನೇಲಿ ಇಡ್ಬೇಕಿತ್ತು ಕಣಮ್ಮ ಅಂತ ಅನ್ನೋಣ ಅನ್ನಿಸೋದು. ಸಾತಜ್ಜಿ ಆಣೆ ನೆನೆಸ್ಕೊಂಡು ನುಂಗೋಳು. ಹೂಂ ಅನ್ನೋದು ಎಷ್ಟು ಕಷ್ಟ ಅಂತ ಆವಾಗ ತಿಳೀತಂತೆ. ಮನಸ್ಸು ಒಂಚೂರು ಆ ಕಡೆ ಹೋದ್ರೂ ಹೂಂ ಪೊಳ್ಳಾಗ್ತದೆ, ಹೇಳೋರು ತಟಕ್ಕನೆ ಎದ್ದು ಹೋಗ್ತಾರೆ. ಒಂದು ಮಳೆಗಾಲ ಕಳೀತು, ಎರಡು ಕಳೀತು. ಅವಳ ಹೂಂ ಕೇಳೋಕೆ ಅಂತಲೇ ಗಾಡಿಯೋರು ಬಳಸಿ ಬರೋ ಹಾಗಾಯ್ತು. ಎಷ್ಟು ಗಾಡಿ ಬಂದ್ರೂ ಕೊನೇ ಗಾಡಿ ಕಣ್ಣಿಗೆ ಕಾಣದಂಗೆ ಆಗೋವರೆಗೂ ಅವಳು ದಾರೀಲೇ ನಿಂತಿರ್ತಿದ್ಳಂತೆ. ಪ್ರತಿ ಸಲಾನೂ ಇಲ್ಲ ಅಂತ ಗೊತ್ತಾಗಿ ಬಂದು ಮಡಕೆ ತೊಳೆಯೋಳು.

ಮೂರನೇ ವರ್ಷದ ಬೇಸಿಗೆ. ನಡುಮಧ್ಯಾಹ್ನ, ಕಾಗೆ ಕೂಡ ಕೂಗ್ತಿರ್ಲಿಲ್ಲ. ಯಾರೋ ಒಬ್ಬ ನಡ್ಕೊಂಡೇ ಬಂದು, ಮಾತಾಡ್ದೆ ಬಗ್ಗಿ ಬೊಗಸೆ ಒಡ್ಡಿದ. ಬಿಸಿಲಿಗೆ ಸೆರಗು ಹಣೆ ಮೇಲಕ್ಕೆ ಎಳ್ಕೊಂಡಿದ್ದ ಪುಟ್ಟೀರಮ್ಮ ಚೊಂಬಲ್ಲಿ ನೀರು ಬಿಟ್ಳು. ಅವಳಿಗೆ ಕಂಡದ್ದು ಅವನ ನರೆತ ನೆತ್ತಿ ಮಾತ್ರ, ಅವನಿಗೆ ಕಂಡದ್ದು ಅವಳ ಪಾದ ಮಾತ್ರ. ಸಾಕು ತಾಯಿ ಅಂದ್ನಂತೆ ಅವನು. ಆ ದನಿ ಕಿವಿಗೆ ಬಿದ್ದದ್ದೇ ಚೊಂಬು ಓರೆಯಾಗಿ ನೀರೆಲ್ಲ ನೆಲಕ್ಕೆ ಹೋಯ್ತು.

ಬೆಟ್ಟಯ್ಯನೇ. ಅವಳಿಗೆ ಕಾಲು ಹಿಡ್ಕೊಳ್ಳೋಣ ಅನ್ನಿಸ್ತು, ಎಲ್ಲಿಗೆ ಹೋಗಿದ್ದೆ ಅಂತ ಬೈಯೋಣ ಅನ್ನಿಸ್ತು, ಐದು ವರ್ಷದ ಮಾತೆಲ್ಲ ಒಟ್ಟಿಗೆ ಬಾಯಿಗೆ ಬಂತು. ತುಟಿ ಕಚ್ಚಿ ಹಿಡ್ಕೊಂಡ್ಳು. ಮಾತಾಡಿದ್ದು ಯಾವಾಗಲೂ ತಾನೇ ಅಲ್ವಾ? ಅವನು ಎಂದಿನ ಹಾಗೆ ಮುಖ ಆ ಕಡೆ ಮಾಡ್ಕೊಂಡು, ದಾರಿ ನೋಡ್ತಾ ಕಲ್ಲಿನ ಮೇಲೆ ಕೂತ. ಇಲ್ಲಿ ನೀರು ಕುಡಿದೋರು ಏನಾದ್ರೂ ಹೇಳ್ತಾರಂತೆ, ನಂಗೆ ಹೇಳೋಕೆ ಬರಲ್ಲ ತಾಯಿ, ನಾನು ಕೇಳೋನು ಅಂದ. ಅವಳು ಅವನ ಬೆನ್ನ ಹಿಂದೆ, ಎಡಭುಜದ ಹತ್ರ ಕೂತು, ಸಣ್ಣ ದನೀಲಿ ಹೂಂ ಅಂದ್ಳಂತೆ.

ಆಮೇಲೆ ಅವನು ಹೇಳಿದ. ಹೇಳೋಕೆ ಬರಲ್ಲ ಅಂದದ್ದು ನಿಜವೇ, ತಲೆ ಬುಡ ಒಂದೂ ಇರ್ಲಿಲ್ಲ. ಮೊದಲು ಸಮುದ್ರದ ನೀರು ಕಟ್ಟಿ ಉಪ್ಪು ಮಾಡೋ ಮಡಿ, ಆಮೇಲೆ ಜ್ವರ, ಆಮೇಲೆ ಪುಟ್ಟೀರಮ್ಮನ ಜೊತೆ ಎಂದೋ ಆದ ಮದುವೆ, ಮತ್ತೆ ಉಪ್ಪಿನ ಮಡಿ. ಗುರುವಾರ ನಡೆದದ್ದನ್ನ ಸೋಮವಾರ ಅಂದ. ಅವಳು ತಿದ್ದಲಿಲ್ಲ. ಹೂಂ ಅಂದ್ಳು. ಸಮುದ್ರದ ದಡದಲ್ಲಿ ಉಪ್ಪು ಹೊತ್ತು ಹೊತ್ತು ಬೆನ್ನು ಸುಲಿದುಹೋಯ್ತು, ಅದಕ್ಕಿಂತ ಉರಿದದ್ದು ಅಲ್ಲಿ ಯಾರೂ ಕತೆ ಹೇಳ್ತಿರ್ಲಿಲ್ಲ ಅನ್ನೋದು ಅಂದ. ಹೂಂ. ಬರೋಣ ಅಂತ ಮೂರು ಸಲ ಹೊರಟು ಮೂರು ಸಲಾನೂ ಅರ್ಧ ದಾರಿಗೆ ವಾಪಸ್ ಹೋದೆ, ನೀನಿಲ್ದಿದ್ರೇ ಚೆಂದ ಅಂದಿದ್ಳಲ್ಲ ಅಂದ. ಹೂಂ ಅನ್ನೋವಾಗ ಅವಳ ದನಿ ಒಡೆದಿತ್ತು.

ಅವತ್ತು ನಾನು ನಿದ್ದೆ ಮಾಡಿರ್ಲಿಲ್ಲ ತಾಯಿ ಅಂದ್ನಂತೆ ಬೆಟ್ಟಯ್ಯ. ಆ ಗಿಣಿ ಕತೆ ನೂರು ಸಲ ಕೇಳಿದ್ದೆ. ಅವತ್ತು ಅವಳು ಹುಶ್ ಅಂದದ್ದು ಹೆಂಗಿತ್ತು ಅಂದ್ರೆ, ಸತ್ತೋದ ನಮ್ಮವ್ವ ನೆಪ್ಪಿಗೆ ಬಂದುಬಿಟ್ಳು. ಅಳು ಒತ್ತರಿಸ್ಕೊಂಡು ಬಂತು, ಹೂಂ ಈಚೆಗೆ ಬರ್ಲಿಲ್ಲ. ಗಂಡಸು ಅಳೋದನ್ನ ಜನ ನೋಡಬಾರದು ಅಂತ ಮಕ ಮುಚ್ಕೊಂಡೆ. ಅಷ್ಟು ಚೆಂದಾಗಿ ಹೇಳ್ತಿದ್ಳು ನನ್ನೆಂಡ್ರು.

ಅಷ್ಟು ಹೇಳಿ ನಿಂತ. ಹೂಂ ಬರ್ಲಿಲ್ಲ.

ಪುಟ್ಟೀರಮ್ಮ ಅನ್ನೋಕೆ ನೋಡಿದ್ಳು, ಆಗಲಿಲ್ಲ. ಸೆರಗು ಬಾಯಿಗೆ ತುರುಕ್ಕೊಂಡಿದ್ಳಂತೆ. ಇನ್ನೊಬ್ಬರಾಗಿದ್ರೆ ಇದೇನು ಈಯಮ್ಮ ನಿದ್ದೆ ಹೋದ್ಳು ಅಂತ ಎದ್ದು ಹೋಗಿರೋರು. ಅವನು ಎದ್ದೇಳಲಿಲ್ಲ. ಹೂಂ ಯಾಕೆ ನಿಂತುಹೋಗ್ತದೆ ಅಂತ ಅವನಿಗೆ ಗೊತ್ತಿತ್ತಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿದ. ಸೆರಗು ಜಾರಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ರಂತೆ. ಹನ್ನೆರಡು ವರ್ಷ ಒಟ್ಟಿಗೆ ದುಡಿದೋರು, ಕತೆ ನಡೀವಾಗ ಮುಖ ನೋಡಿದ್ದು ಅದೇ ಮೊದಲು.

ಅಳ್ಕೊ ಪುಟ್ಟೀರಿ, ನಾನು ಕಾಯ್ತೀನಿ ಅಂದ್ನಂತೆ ಬೆಟ್ಟಯ್ಯ.

ಅವಳು ಬೇಕಾದಷ್ಟು ಅತ್ಳು. ಅವನು ಕಾದ. ಆಮೇಲೆ ಉಂಡಿದ್ದೀಯಾ ಅಂತ ಕೇಳಿದ್ಳು, ಇಲ್ಲ ಅಂದ, ಎದ್ದು ಒಲೆ ಹಚ್ಚಿದ್ಳಂತೆ. ಅಲ್ಲೇ ಉಳ್ಕೊಂಡ್ರು ಇಬ್ಬರೂ. ಒಂದಿನ ಅವಳು ಹೇಳೋಳು ಅವನು ಹೂಂ ಅನ್ನೋನು, ಮಾರನೇ ದಿನ ಅವನು ಹೇಳೋನು ಅವಳು ಹೂಂ ಅನ್ನೋಳು. ಅವನ ಸರದಿ ದಿನ ಜನ ಅಷ್ಟಾಗಿ ಬರ್ತಿರ್ಲಿಲ್ವಂತೆ, ಸೋಮವಾರ ಗುರುವಾರ ಕಲಸಿ ಹೇಳಿದ್ರೆ ಯಾರು ಬಂದಾರು? ಅವಳಿಗೆ ಮಾತ್ರ ಆ ದಿನವೇ ಹಬ್ಬ. ಆಮೇಲೆ ಬೆನ್ನ ಹಿಂದೆ ಕೂರೋ ಕಟ್ಟಳೇನೂ ಬಿಟ್ಟುಬಿಟ್ರು, ಎದುರುಬದುರು ಕೂತ್ಕೊಂಡು ಹೇಳ್ಕೊಳ್ಳೋರು. ಹುಣಸೆ ತೋಪಿನವರು ಇದೇನು ಕೆಟ್ಟ ಪದ್ಧತಿ ಅಂತ ಗೊಣಗಿದ್ರೂ ಇವರು ಕಿವಿಗೆ ಹಾಕ್ಕೊಳ್ಳಲಿಲ್ವಂತೆ.

ಅವರ ಚಪ್ಪರ ಅವರಿಗೆ ತಂಪಾಗಿರ್ಲಿ, ನಮ್ಮ ಚಾಪೆ ನಮಗೆ ಬೆಚ್ಚಗಿರ್ಲಿ. ಇಲ್ಲಿಗೆ ಮುಗೀತು ನನ್ನ ಕತೆ. ಈಗ ನೀನು ಹೇಳು ಚಿನ್ನಿ, ಇವತ್ತು ಇಸ್ಕೂಲಲ್ಲಿ ಏನಾಯ್ತು? ಹೆಂಗೆ ಬರ್ತದೋ ಹಂಗೆ ಹೇಳು, ನಾನು ಹೂಂ ಅಂತೀನಿ.